ಅಕ್ಕನ ಅಂಗಾಲು

ಗುಡ್ಡ ಹತ್ತುವ ಹುಚ್ಚು ನಮಗೆ ಹಿಡಿದದ್ದು ಸಿಂದಗಿಯ ಮೈದಾನದಲ್ಲಿ. ಅಲ್ಲಿ ಗುಡ್ಡವೂ ಇಲ್ಲ, ದಿಬ್ಬವೂ ಇಲ್ಲ. ಬೆಳಗ್ಗೆ ಆರಕ್ಕೆ ಎಂಟು ಜನ ಹೆಂಗಸರು ಸೇರಿ ಸುತ್ತು ಹಾಕುತ್ತೇವೆ; ನಡಿಗೆ ಅರ್ಧ ತಾಸು, ಮಾತು ಒಂದು ತಾಸು. ಒಂದು ದಿನ ಟೇಲರಿಂಗ್ ಮಾಡುವ ಗೆಳತಿ ಮೊಬೈಲಿನಲ್ಲಿ ಖಾನಾಪುರದಾಚೆಯ ಘಟ್ಟದ ಫೋಟೊ ತೋರಿಸಿದಳು. ಎರಡು ದಿನದ ಚಾರಣ, ಊಟ-ವಸತಿ ಅವರದೇ. ಆಗಸ್ಟ್ ಹದಿನೈದರ ಧ್ವಜಾರೋಹಣ ಮುಗಿಸಿ ಹೊರಡುವುದೆಂದು ಅಲ್ಲೇ ಠರಾವಾಯಿತು. ಆ ತಿಂಗಳು ಘಟ್ಟದಲ್ಲಿ ಎಂಥ ಮಳೆ ಎಂದು ಒಬ್ಬರೂ ಕೇಳಲಿಲ್ಲ. ಮಳೆಯನ್ನು ಕೈಮುಗಿದು ಕರೆಯುವ ಸೀಮೆಯವರು ನಾವು, ಅದಕ್ಕೆ ಹೆದರಬೇಕೆಂದು ನಮಗೆ ಯಾರು ಹೇಳಿಕೊಟ್ಟಿದ್ದಾರೆ?

ಒಂಬತ್ತನೆಯವಳಾಗಿ ಅಕ್ಕನನ್ನು ಎಳೆದು ತಂದವಳು ನಾನು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಇಂಗಳೇಶ್ವರದಲ್ಲಿ ಅವಳ ಹೊಲ-ಮನೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಅದಕ್ಕೇ ಅವಳ ಗಂಡ ಕಳಿಸಲು ಒಪ್ಪಲಿಲ್ಲ.

"ಮಾಮಾ, ದಿನಾ ಹೊಲದಾಗ ನಾಕ್ ಮೈಲಿ ನಡೀತಾಳ. ನಮಗಿಂತ ಆಕೀನ ಗಟ್ಟಿ ಅದಾಳ" ಎಂದೆ.

"ಹೋದಂಗ ಕರ್ಕೊಂಡ್ ಬರ್ತೀಯೇನು?"

"ಬರ್ತೇನ್ರಿ. ನನ್ನ ಜವಾಬ್ದಾರಿ."

ಹಾಗೆ ಹೇಳುವಾಗಲೇ ಅಪ್ಪನ ಕಾಲು ಕಣ್ಣ ಮುಂದೆ ಬಂತು. ನಮ್ಮ ಅಪ್ಪನಿಗೂ ಇದೇ ಕಾಯಿಲೆ ಇತ್ತು. ಒಂದು ಜಾಲಿಮುಳ್ಳು ಚುಚ್ಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಮೊದಲು ಕಿರುಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ. ಆಗ ಅಪ್ಪನ ಕಾಲು ತೊಳೆದು ಪಟ್ಟಿ ಕಟ್ಟುತ್ತಿದ್ದವಳು ಅಕ್ಕ. ನಾನು ಬಾಗಿಲ ಹೊರಗೆ ನಿಂತು ಮೂಗು ಮುಚ್ಚಿಕೊಳ್ಳುತ್ತಿದ್ದೆ.

ಹಾಗಾಗಿ ಅಕ್ಕನಿಗೆ ದಪ್ಪ ಅಟ್ಟೆಯ ಬೂಟು ಕೊಡಿಸಿದೆ. ಮಲಗುವಾಗ ಬಿಟ್ಟು ಮತ್ತೆ ಯಾವಾಗಲೂ ಕಳಚಕೂಡದು ಎಂದು ತಾಕೀತು ಮಾಡಿದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ತಾಕೀತು ಮಾಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಮೊದಲ ದಿನ ತುಂತುರು. ಎರಡನೆಯ ದಿನ ಬೆಳಗ್ಗೆ ಎದುರಿನ ಗುಡ್ಡವೇ ಕಾಣಲಿಲ್ಲ. ದಾರಿ ತೋರಿಸುವಾತ ಅಲ್ಲಿಯವನೇ, ಐವತ್ತು ದಾಟಿದ ಮನುಷ್ಯ. ಅವನು ಮೋಡ ನೋಡಿ ತಲೆ ಆಡಿಸಿದ. "ಇವತ್ತ ಮ್ಯಾಲ ಹೋಗೂದ ಬ್ಯಾಡ್ರಿ. ಹಳ್ಳ ಬಂದ್ರ ಹೊಳ್ಳಿ ಬರಾಕ ಆಗೂದಿಲ್ಲ."

"ಇಷ್ಟು ದೂರ ಬಂದು ಚಾ ಕುಡದು ಹೋಗೂನೇನ್ರಿ?" ಎಂದವರಲ್ಲಿ ನನ್ನ ದನಿಯೇ ದೊಡ್ಡದಿತ್ತು. ಅವನು ಕೋಲು ಎತ್ತಿಕೊಂಡು ಮುಂದೆ ನಡೆದ.

ಒಂದು ತಾಸು ಹತ್ತುವಷ್ಟರಲ್ಲಿ ಮಳೆ ಹಿಡಿಯಿತು. ನಮ್ಮೂರ ಮಳೆ ಬಂದರೆ ಬಂತೆನ್ನುತ್ತದೆ, ಹೋದರೆ ಹೋಯಿತೆನ್ನುತ್ತದೆ. ಇದು ಹಾಗಲ್ಲ, ಮೇಲಿನಿಂದಲೂ ಬಂತು, ಪಕ್ಕದಿಂದಲೂ ಬಂತು. ಮಂಜಿನಲ್ಲಿ ಎದುರಿಗಿದ್ದವಳ ಬೆನ್ನು ಬಿಟ್ಟು ಬೇರೆ ಕಾಣದು. ಎಲ್ಲರೂ ಪಾದದವರೆಗೆ ಇಳಿಯುವ ಒಂದೇ ನೀಲಿ ಪ್ಲಾಸ್ಟಿಕ್ ಕೋಟು ಹಾಕಿದ್ದೆವು. ಸಾಲಿನ ಕೊನೆಯಲ್ಲಿ ನಾನಿದ್ದೆ. ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಅಭ್ಯಾಸ, ಐದು ನಿಮಿಷಕ್ಕೊಮ್ಮೆ ಎಲ್ಲರನ್ನೂ ಹತ್ತಿರ ಸೇರಿಸಿ ತಲೆ ಎಣಿಸುತ್ತಿದ್ದೆ. ಒಂಬತ್ತು. ಮತ್ತೆ ಒಂಬತ್ತು. ಒಮ್ಮೆ ಎಂಟೇ ಬಂತು, ಮತ್ತೆ ಮೊದಲಿನಿಂದ ಎಣಿಸಿದೆ. ನನ್ನನ್ನು ಬಿಟ್ಟು ಎಣಿಸಿದ್ದೆ. ಅಷ್ಟೂ ಹೊತ್ತು ನಾನು ತಲೆಗಳನ್ನೇ ನೋಡಿದೆ, ಕಾಲುಗಳ ಕಡೆ ಕಣ್ಣೇ ಹಾಯಿಸಲಿಲ್ಲ.

ಕೊನೆಗೆ ದಾರಿ ತೋರಿಸುವಾತ ಸಾಕೆಂದು ಎಲ್ಲರನ್ನೂ ಹಿಂದಕ್ಕೆ ತಿರುಗಿಸಿದ. ಒಂದು ಬಂಡೆಯ ಹತ್ತಿರ ದಣಿವಾರಿಸಿಕೊಳ್ಳಲು ನಿಂತಾಗ ಟೇಲರ್ ಗೆಳತಿ ಕೂಗಿದಳು. "ಅಕ್ಕಾರ, ನಿಮ್ಮ ಕಾಲಿಗಿ ಜಿಗಣಿ ಹತ್ತೈತಿ ನೋಡ್ರಿ, ರಕ್ತ ಸೋರಾಕತ್ತೈತಿ!"

ಕುಕ್ಕರುಗಾಲಿನಲ್ಲಿ ಕೂತು ಅಕ್ಕನ ಕೋಟು ಎತ್ತಿದೆ. ಬರಿಗಾಲು. ಬೂಟುಗಳು ಲಾಡಿ ಗಂಟು ಹಾಕಿಸಿಕೊಂಡು ಕೋಟಿನೊಳಗೆ ಅವಳ ಕೊರಳಲ್ಲಿ ಜೋತಾಡುತ್ತಿದ್ದವು.

"ಬೂಟ್ ಯಾಕ ಕಳದಿ?"

"ಮಳಿ ಬಂತಲ್ಲ" ಎಂದಳು. ಇದೂ ಒಂದು ಕೇಳುವ ಮಾತೇ ಎನ್ನುವಂತಿತ್ತು ಅವಳ ಮುಖ.

ಎರೆಮಣ್ಣಿನಲ್ಲಿ ಹುಟ್ಟಿದವರಿಗೆ ಮಾತ್ರ ಆ ಉತ್ತರ ತಿಳಿಯುತ್ತದೆ. ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಚಪ್ಪಲಿ ಕಾಲಿನಿಂದ ಕೈಗೆ ಬರುತ್ತದೆ. ಇಲ್ಲವಾದರೆ ಹೆಜ್ಜೆಗೊಂದು ಹೆಂಟೆ ಮಣ್ಣು ಮೆತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ. ನನ್ನ ಶಾಲೆಯ ಮಕ್ಕಳೂ ಮಳೆಗಾಲದಲ್ಲಿ ಹಾಗೇ ಬರುತ್ತಾರೆ. ಬೆಳಗ್ಗೆ ಮೊದಲ ಕೆಸರು ಕಂಡಾಗ ನನ್ನ ಕೈಯೂ ಲಾಡಿಯ ಕಡೆ ಹೋಗಿತ್ತು. ಹಾಗಿದ್ದೂ ಅಕ್ಕನ ನೆನಪು ಬರಲಿಲ್ಲವಲ್ಲ ಎಂದು ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ. ನಮ್ಮ ಎರೆಯಲ್ಲಿ ಹುಡುಕಿದರೂ ಕಲ್ಲು ಸಿಗದು. ಈ ಗುಡ್ಡದಲ್ಲಿ ಕೆಸರಿನ ಕೆಳಗೆಲ್ಲ ಚೂಪು ಕಲ್ಲು.

ಜಿಗಣೆ ಇರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಅಂಗಾಲು ಸೀಳಿತ್ತು, ಒಳಗೆ ಕಲ್ಲಿನ ಚೂರು ಕೂತಿತ್ತು.

"ಯಾವಾಗ ಚುಚ್ಚಿತು?"

"ಏನು ಚುಚ್ಚೈತಿ?" ಅಕ್ಕ ಬಗ್ಗಿ ನೋಡಿದಳು.

ಚೂರನ್ನು ಉಗುರಿನಿಂದ ಕಿತ್ತೆ. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನಗೆ ಅತ್ತರೆ ಸಾಕೆನಿಸಿತ್ತು, ಬೈಯತೊಡಗಿದೆ. "ಬುದ್ಧಿ ಐತೇನ ನಿನಗ? ಅಪ್ಪಂದು ನೋಡಿಲ್ಲೇನು?"

"ಥಂಡಿಗೆ ಕಾಲು ಜೋಮು ಹಿಡದಾವ. ಬೆಚ್ಚಗಾದ್ರ ಎಲ್ಲಾ ಗೊತ್ತಾಗ್ತೈತಿ. ಸುಮ್ನ ಬಾಯಿ ಮಾಡಬ್ಯಾಡ" ಎಂದಳು.

ಇರಬಹುದು. ನನ್ನ ಬೆರಳುಗಳೂ ಮರಗಟ್ಟಿದ್ದವು. ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕುಡಿಯುವ ನೀರಿನಿಂದ ಗಾಯ ತೊಳೆದು, ನನ್ನ ಓಢಣಿ ಹರಿದು ಕಟ್ಟಿ, ರೊಟ್ಟಿ ತಂದಿದ್ದ ಪ್ಲಾಸ್ಟಿಕ್ ಚೀಲ ಸುತ್ತಿ, ಬೂಟು ಹಾಕಿಸಿದೆ. ಕೆಳಗಿಳಿಯುವಷ್ಟರಲ್ಲಿ ಹಳ್ಳ ಮೊಣಕಾಲು ಮುಟ್ಟಿತ್ತು, ಕೆಂಪು ನೀರು. ಆ ನೀರು ಗಾಯಕ್ಕೆ ಸೇರಿದರೆ ಮುಗಿಯಿತೆಂದು ನಾನು ದಡದಲ್ಲೇ ಬಡಬಡಿಸತೊಡಗಿದೆ. ದಾರಿ ತೋರಿಸುವಾತ ಅಕ್ಕನ ಮುಂದೆ ಬೆನ್ನು ಬಗ್ಗಿಸಿದ. ಅಕ್ಕ ನಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡೇ ಏರಿದಳು. ಅವನು ತೊಗರಿಯ ಚೀಲ ಹೊತ್ತವನಂತೆ ಒಂದೊಂದೇ ಹೆಜ್ಜೆ ಇಟ್ಟು ದಾಟಿಸಿದ. ನಡುನೀರಿನಲ್ಲಿ ಅವನ ಕಾಲು ಒಮ್ಮೆ ಜಾರಿತು. ಆಗ ನಾನು ಯಾವ ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ.

ಓದುವವರು ಹೆದರಬಾರದೆಂದು ಮೊದಲೇ ಹೇಳಿಬಿಡುತ್ತೇನೆ: ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು, ಬೆರಳು ಉಳಿದವು. ಅವತ್ತು ನನಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ.

ದಾರಿ ತೋರಿಸಿದವನ ಮನೆಯಲ್ಲೇ ಕೂತೆವು. ಖಾನಾಪುರದ ಆಸ್ಪತ್ರೆಗೆ ಒಯ್ಯಲು ಜೀಪು ಬರಬೇಕಿತ್ತು. ಉಳಿದವರು ಒಳಗೆ ಬಟ್ಟೆ ಹಿಂಡುತ್ತಿದ್ದರು. ಸುಟ್ಟರೂ ಗೊತ್ತಾಗದಿದ್ದರೆ ಎಂದು ಒಲೆಯಿಂದ ದೂರದಲ್ಲಿ ಅಕ್ಕನನ್ನು ಕೂರಿಸಿ, ಅವಳ ಎರಡೂ ಪಾದಗಳನ್ನು ಒರೆಸಿ ನನ್ನ ಮಡಿಲಲ್ಲಿಟ್ಟುಕೊಂಡು ಕಂಬಳಿ ಹೊದಿಸಿದೆ. ಅರ್ಧ ತಾಸು ಹಾಗೇ ಕೂತೆ. ಪಾದಗಳು ಬೆಚ್ಚಗಾದವು, ನನ್ನ ಕೈಗಳೂ ಬೆಚ್ಚಗಾದವು. ಇನ್ನು ಥಂಡಿಯ ನೆಪ ಉಳಿದಿರಲಿಲ್ಲ.

"ಅಕ್ಕಾ, ಕಣ್ಣು ಮುಚ್ಚು. ನಾ ಮುಟ್ಟಿದಾಗ ಹೇಳು."

"ಇದೊಂದು ನಿನ್ನ ಸಾಲಿ ಆಟ" ಎಂದಳು. ಆದರೂ ಕಣ್ಣು ಮುಚ್ಚಿದಳು.

ಗಾಯವಿಲ್ಲದ ಕಾಲಿನ ಹಿಮ್ಮಡಿ ಮುಟ್ಟಿದೆ. ಅವಳು ಸುಮ್ಮನಿದ್ದಳು. ಅಂಗಾಲಿನ ನಡುವೆ ಒತ್ತಿದೆ. ಸುಮ್ಮನಿದ್ದಳು. ಕಿರುಬೆರಳನ್ನು ಹಿಂಡಿದೆ. ಅವಳ ಹುಬ್ಬುಗಳು ಕೂಡಿಕೊಂಡಿದ್ದವು, ತುಟಿ ಬಿಗಿದಿತ್ತು. ಉತ್ತರ ಬಾರದ ಮಗು ಬೋರ್ಡಿನ ಮುಂದೆ ನಿಂತಂತೆ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ, ಕೈ ತೆಗೆದುಬಿಟ್ಟೆ.

"ಹಾಂ! ಈಗ ಗೊತ್ತಾತು" ಎಂದಳು ಅಕ್ಕ. "ಹೆಬ್ಬಟ್ಟು ಹಿಡದಿ. ಹೌದಿಲ್ಲೋ?"

ನನ್ನ ಎರಡೂ ಕೈ ನನ್ನ ಬಾಯಿಯ ಮೇಲಿದ್ದವು. ಅವಳಿನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು, ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಹೌದಕ್ಕಾ" ಎಂದೆ.