ಮಹಾದೇವಿಯ ಕುರ್ಚಿಯ ಹಿಂದಿನ ಡಬ್ಬಿ

ಆ ಕೊಳೆತ ಡಬ್ಬಿ ನನ್ನದು. ಮಹಾದೇವಿಯದಲ್ಲ — ಇಷ್ಟು ವರ್ಷ ನಾನಿದನ್ನು ಬಾಯಿಬಿಟ್ಟು ಹೇಳಲಿಲ್ಲ.

ಸೋಲಾಪುರದಲ್ಲಿ ನಮ್ಮ ಕಾಕಾನ ಚಾದರ ಅಂಗಡಿ. ಹಿಂದಿನ ಕೋಣೆಯಲ್ಲಿ ನಾನೂ ಮಹಾದೇವಿಯೂ ಒಂದೇ ಉದ್ದನೆಯ ಮೇಜಿಗೆ ಕೂತು ಕಂಪ್ಯೂಟರಿನಲ್ಲಿ ಆರ್ಡರ್ ಬರೆಯುತ್ತಿದ್ದೆವು. ಅವಳು ವಾಗದರಿ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ನಾನು ಮನೆಯ ಹುಡುಗಿ. ಕಣ್ಣು ದಣಿದಾಗಲೆಲ್ಲ ನಾನೆದ್ದು ಮೇಜು ಒಪ್ಪ ಮಾಡುತ್ತಿದ್ದೆ. ಚಹಾದ ಕಲೆ ಒರೆಸಿ, ಪೆನ್ನುಗಳನ್ನು ಜೋಡಿಸಿಟ್ಟರೆ ತಲೆ ಹಗುರಾಗಿ ಮತ್ತೆ ಹುರುಪು ಬರುತ್ತಿತ್ತು. ಕಾಕಾ ಬಂದವರಿಗೆಲ್ಲ ನನ್ನ ಮೇಜು ತೋರಿಸುತ್ತಿದ್ದರು. ಅವರಿಗೆ ಕಾಣದ್ದು ಒಂದೇ — ನಾನು ಏನನ್ನೂ ಎಸೆಯುತ್ತಿರಲಿಲ್ಲ. ಬೇಡದ್ದನ್ನೆಲ್ಲ ಮಹಾದೇವಿಯ ಕಡೆ ಸರಿಸುತ್ತಿದ್ದೆ. ಕಸದ ಬುಟ್ಟಿ ಹೊರಗಿತ್ತು, ಅಷ್ಟು ದೂರ ಹೋಗಲು — ಸೋಮಾರಿತನ, ಇನ್ನೇನು.

ಒಂದು ಬೇಸಿಗೆಯಲ್ಲಿ ಊಟದ ಡಬ್ಬಿಯನ್ನು ಮರೆತುಬಿಟ್ಟೆ. ನೆನಪಾದಾಗ ಮುಚ್ಚಳದಂಚಿನಿಂದ ರಸ ಸೋರುತ್ತಿತ್ತು. ತೆರೆಯಲು ಹೇಸಿ, ಅವಳ ಕುರ್ಚಿಯ ಹಿಂದಿನ ರಟ್ಟಿನ ಪೆಟ್ಟಿಗೆಗಳ ಸಂದಿಗೆ ತಳ್ಳಿದೆ. ಮೇಜು ಒರೆಸಿ, ಊದುಬತ್ತಿ ಹಚ್ಚಿ ಕೂತೆ.

ನಾತ ಅಂಗಡಿಯವರೆಗೆ ಹಬ್ಬಿತು. ಗಿರಾಕಿಯೊಬ್ಬರು ಮೂಗು ಮುಚ್ಚಿಕೊಂಡು ಎದ್ದು ಹೋದರು. ಕಾಕಾ ಒಳಗೆ ಬಂದು ಪೆಟ್ಟಿಗೆಗಳನ್ನು ಎಳೆಸಿದರು. ಅವಳ ಕುರ್ಚಿಯ ಹಿಂದೆ ಡಬ್ಬಿ ಸಿಕ್ಕಿತು.

“ಮಹಾದೇವಿ, ಇಂಥಾ ಹೊಲಸು ನಿಮ್ಮ ಹಳ್ಳ್ಯಾಗ ನಡೀತಿರಬೇಕು, ಇಲ್ಲೆ ನಡ್ಯಂಗಿಲ್ಲ. ಸುಜಾತಾನ್ನ ನೋಡಿ ಕಲಿ.”

ಅವಳು ಡಬ್ಬಿಯನ್ನು ಮೋರಿಗೆ ಒಯ್ದು ಬರಿಗೈಯಲ್ಲಿ ತೊಳೆದಳು. ಬದನೆಕಾಯಿ ಪಲ್ಯದ ತುಂಬ ಹುಳು ಮಿಜಿಗುಡುತ್ತಿದ್ದವು. ನಾನು ಓಢಣಿಯಿಂದ ಮೂಗು ಮುಚ್ಚಿ ನಿಂತಿದ್ದೆ — ನನ್ನದೇ ಊಟ ಅದು. ಕೊಳೆ ಹೋದ ಮೇಲೆ ಮುಚ್ಚಳದಲ್ಲಿ ಕೊರೆಸಿದ್ದ ನನ್ನ ಅವ್ವನ ಹೆಸರು ಕಂಡಿತು. ಅವಳು ಓದಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೇಳಲೆಂದು ಕಾದಳು. ನಾನು — ಪೆನ್ನು ಜೋಡಿಸಲು ಒಳಗೆ ಹೋದೆ.

ಮರುದಿನದಿಂದ ಅವಳು ಬರಲಿಲ್ಲ.

ಹೋದ ತಿಂಗಳು ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತಪ್ಪಾಯಿತೆಂದು ತೊದಲಿದೆ.

“ನನಗ ಯಾಕ ಹೇಳ್ತೀರಿ ಅಕ್ಕಾರ? ನನಗ ಅವತ್ತೇ ಗೊತ್ತಿತ್ತು. ನಿಮ್ಮ ಕಾಕಾಗ ಹೇಳ್ರಿ,” ಎಂದು ಬಸ್ಸು ಹತ್ತಿದಳು.

ಹೇಳಿದೆ, ಅಂಗಡಿಯಲ್ಲಿ ಎಲ್ಲರೆದುರು. ಕಾಕಾ ನಕ್ಕುಬಿಟ್ಟರು. “ಅದನ್ನ ಇನ್ನೂ ಮನಸಿನ್ಯಾಗ ಇಟ್ಕೊಂಡೀಯೇನವಾ? ಬಿಡು,” ಎಂದು ನನಗೆ ಚಹಾ ತರಿಸಿದರು.

ಕ್ಷಣಹೊತ್ತು ಮನಸ್ಸು ಹಗುರಾಯಿತು. ಹಗುರಾದದ್ದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಅವಳ ಹೆಸರಿಗೆ ಹೊಲಸಾಗಿದ್ದದ್ದು ನನ್ನ ಹೆಸರಿಗೆ ಬಂದಾಗ ಬರೀ ನಗುವ ಮಾತು. ಅಂದು ಹೇಳಿದ್ದರೂ ಅವರು ಹೀಗೇ ನಗುತ್ತಿದ್ದರು, ಅವಳು ಉಳಿಯುತ್ತಿದ್ದಳು.

ಚಹಾ ಮುಟ್ಟದೆ ಎದ್ದು ಬಂದೆ.