ಮೊರದ ರಾಗಿಗೆ ಕೊಂಡ ಮಗು

ಯಲ್ಲಮ್ಮನ ಕಸುಬು ಕೂದಲು ಕೊಳ್ಳುವುದು. ಹೆಂಗಸರು ತಲೆ ಬಾಚಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟ ಕೂದಲುಂಡೆಗೆ ಅವಳು ಪಿನ್ನು, ಬಾಚಣಿಗೆ, ಒಮ್ಮೊಮ್ಮೆ ಸ್ಟೀಲ್ ಬಟ್ಟಲು ಕೊಡುತ್ತಿದ್ದಳು. ಹುಟ್ಟಿದ್ದು ಗುಡಾರದಲ್ಲಿ, ಹೆತ್ತದ್ದೂ ಗುಡಾರದಲ್ಲಿ. ಅಟ್ಟೂರಿನ ಹೊಲಗಳು ಸೈಟುಗಳಾಗುವ ಮೊದಲಿನಿಂದಲೂ ಮುನಿಗಂಗಮ್ಮನ ಜಗಲಿ ಅವಳಿಗೆ ಗೊತ್ತು. ಅಲ್ಲಿ ನೀರು ಕುಡಿದು, ಎಲೆಅಡಿಕೆ ಹಾಕಿಕೊಂಡು ಮುಂದಿನ ಬೀದಿಗೆ ಕೂಗುತ್ತಾ ಹೋಗುವಳು.

ಮುನಿಗಂಗಮ್ಮನ ಸೊಸೆ ರಾಣಿಗೆ ಎರಡು ಕೂಸು ಹುಟ್ಟಿ ಕೈಬಿಟ್ಟು ಹೋಗಿದ್ದವು. ಮೂರನೆಯದು ಉಳಿಯಿತು. ಹಾಗೆ ಉಳಿದ ಮಗುವನ್ನು ಅಲೆಮಾರಿ ಹೆಂಗಸಿನ ಮಡಿಲಿಗೆ ಹಾಕಿ, ಅವಳು ಹೊಸಿಲು ದಾಟಿ ಬೀದಿಗಿಳಿದ ಮೇಲೆ, ಮೊರದ ತುಂಬ ರಾಗಿ ಕೊಟ್ಟು ಕೊಂಡುಕೊಳ್ಳುವುದು ಆ ಮನೆಯ ಪದ್ಧತಿ. ಪರರ ಮಗುವೆಂದು ಸಾವು ಅದರ ಕಡೆ ತಿರುಗಿ ನೋಡುವುದಿಲ್ಲವಂತೆ. 2018ರ ಬೇಸಿಗೆಯಲ್ಲಿ ಮುನಿಗಂಗಮ್ಮ ಯಲ್ಲಮ್ಮನನ್ನೇ ಕರೆದು ಮೊಮ್ಮಗನನ್ನು ಮಡಿಲಿಗಿಟ್ಟಳು.

ಎದುರು ಮಹಡಿಯಲ್ಲಿ ಬಾಡಿಗೆಗಿದ್ದ ವೇಣುಗೋಪಾಲ್ ಅದನ್ನು ಫೋನಿನಲ್ಲಿ ಹಿಡಿದ. ಮಗು ಎತ್ತಿಕೊಂಡು ಗೇಟು ದಾಟುವ ತನಕ ಮಾತ್ರ. ‘ಮಕ್ಕಳ ಕಳ್ಳಿ. ಇವರ ಜಾತಿಯೇ ಇಷ್ಟು. ಕಂಡಲ್ಲಿ ಹಿಡಿದು ಬಡಿಯಿರಿ’ ಎಂದು ಬರೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಒಳಗಿಂದ ರಾಗಿ ಬರುವಷ್ಟರಲ್ಲಿ ಅದು ಊರು ದಾಟಿತ್ತು.

ಅದೇ ವಾರ ಬಾಗಲೂರಿನಲ್ಲಿ ಆ ವಿಡಿಯೊ ಕಂಡವರು ಯಲ್ಲಮ್ಮನಿಗೆ ಹೊಡೆದರು. ತುಟಿ ಹರಿದು, ಬುಟ್ಟಿ ಕಳೆದುಕೊಂಡು ಬಂದಳು.

“ನಿಮ್ಮ ಮೊಮ್ಮಗ ಅಂತ ಯೋಳ್ದೆ ಅಮ್ಮಯ್ಯ. ಯಾರೂ ಕೇಳ್ಲಿಲ್ಲ. ಇನ್ನು ಯಾವ ಬೀದಿಗೆ ಓಗ್ಲಿ?”

ಎದುರು ಮಹಡಿಯವನೇ ಹಾಕಿದ್ದೆಂದು ಗುಂಪಿನಲ್ಲಿ ನೋಡಿದ್ದ ಮುನಿಗಂಗಮ್ಮನ ಮಗ ಮುನೇಶ್ ತಲೆ ತಗ್ಗಿಸಿದ. “ಸುಮ್ನಿರಮ್ಮ. ಮಗು ಮಾರಿದ್ರಂತೆ ಅಂತ ಗ್ರೂಪಲ್ಲಿ ನಗ್ತಾರೆ.”

“ನಗ್ಲಿ. ಅವಳ ತುಟಿ ನೋಡು. ನಿನ್ ಮಾನ ಅದಕ್ಕಿಂತ ದೊಡ್ದೇನೋ?”

ಮೊಮ್ಮಗನನ್ನು ಕಂಕುಳಿಗೇರಿಸಿ, ಮಗನನ್ನೂ ಯಲ್ಲಮ್ಮನನ್ನೂ ಕರೆದುಕೊಂಡು ಅವಳು ಎದುರು ಮಹಡಿ ಹತ್ತಿದಳು.

“ಆಗ್ಲೇ ಡಿಲೀಟ್ ಮಾಡ್ದೆ ಅಜ್ಜಿ,” ಎಂದ ವೇಣುಗೋಪಾಲ್. “ಸೇಫ್ಟಿಗೆ ಅಂತ ಹಾಕಿದ್ದು. ಎಲ್ರೂ ಹಾಕ್ತಾರೆ.”

“ಕದ್ದೋಗ್ತಾವ್ಳೆ ಅಂತ ನಿಂಗೆ ನಿಜವಾಗ್ಲೂ ಅನ್ಸಿದ್ರೆ ಮೆಟ್ಲಿಳಿದು ಓಡ್ಬತ್ತಿದ್ದೆ. ನೀನು ಮ್ಯಾಲೆ ಕುಂತು ಬರ್ಕಂಡಿದ್ದೆ. ನಮ್ಮನೆಗೆ ಬಂದು ಒಂದ್ ಮಾತು ಕೇಳಕ್ಕಾಗ್ಲಿಲ್ಲ, ಲೋಕಕ್ಕೆಲ್ಲ ಯೋಳಕ್ಕಾಯ್ತು.”

ವೇಣುಗೋಪಾಲ್ ಫೋನನ್ನು ಜೇಬಿಗಿಳಿಸಿದ.

“ನಿನ್ ಫೋನಲ್ಲಿ ಅಳಿಸಿದ್ರೆ ಬಾಗಲೂರಲ್ಲಿ ಅಳಿಸೋಯ್ತದಾ? ಸುಳ್ಳು ಹಾಕಿದ್ದು ನಾನೇ ಅಂತ ಮುಖ ತೋರ್ಸಿ ಯೋಳು. ಆಗಲ್ಲ ಅಂದ್ರೆ ಸ್ಟೇಷನ್‌ಗೆ ಓಗಣ ನಡಿ.”

ಮುನೇಶನೇ ಫೋನು ಹಿಡಿದ. ವೇಣುಗೋಪಾಲ್ ತಡವರಿಸುತ್ತಾ ಹೇಳಿದ. ಮುನಿಗಂಗಮ್ಮ ಮಗುವನ್ನು ಯಲ್ಲಮ್ಮನ ಕೈಗೆ ಕೊಟ್ಟು, ತಾನೇ ಕರೆದದ್ದು, ತಾನೇ ಕೊಟ್ಟದ್ದು, ರಾಗಿ ಸುರಿದು ಕೊಂಡದ್ದು, ಒಂದನ್ನೂ ಬಿಡದೆ ಹೇಳಿದಳು.

ಗುಂಪಿಗೆ ಹಾಕಿದ ಆ ವಿಡಿಯೊಗೆ ಎರಡೋ ಮೂರೋ ಹೆಬ್ಬೆರಳು ಬಂದವು. ಸುಳ್ಳಿಗೆ ಸಾಲುಗಟ್ಟಿ ಬಂದಿದ್ದವು.

“ಇದು ಬಾಗಲೂರಿಗೆ ಓಯ್ತದಾ ಅಮ್ಮಯ್ಯ?” ಎಂದಳು ಯಲ್ಲಮ್ಮ.

ಮುನಿಗಂಗಮ್ಮನಿಗೆ ಗೊತ್ತಿರಲಿಲ್ಲ. “ಓಗೋ ಗಂಟ ನಮ್ಮನೇಲಿರು. ಓಗ್ದಿದ್ರೆ ನಿನ್ ಜೊತೆ ನಾನೇ ಬೀದಿ ಬೀದಿ ಬತ್ತೀನಿ. ಯಾರು ಕೈ ಎತ್ತಾರೋ ನೋಡಣ.”