ರತ್ನಗಂಬಳಿಯ ಅಂಚು ದಾಟದ ಹಾವು

ನನಗಾಗ ಅರವತ್ತಾರು. ಇದು ಆರು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ನಾನು ತಾಯಿತ, ಯಂತ್ರ, ದೃಷ್ಟಿ, ಬಾಗಿಲಿಗೆ ಕಟ್ಟೋ ಬೂದುಗುಂಬಳಕಾಯಿ ಯಾವುದನ್ನೂ ನಂಬಿದವಳಲ್ಲ. ಈಗ ನಂಬುತ್ತೀರಾ ಅಂತ ನೀವು ಕೇಳಿದರೆ ಅದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬಣ್ಣ ಹಚ್ಚಿ ಹೇಳೋಕೆ ಬರಲ್ಲ.

ನಂಬದೇ ಇರೋಕೆ ಕಾರಣ ಇತ್ತು. ನಮ್ಮ ತವರಿನಲ್ಲಿ ಕುರಿ ಇದ್ದವು. ಅಮ್ಮ ಉಣ್ಣೆ ನೂಲುತ್ತಿದ್ದಳು, ಅಪ್ಪ ಕಂಬಳಿ ನೇಯುತ್ತಿದ್ದ. ಕಂಬಳಿ ಹಾಸಿ ಮಲಗಿದವರ ಹತ್ತಿರ ಹಾವು ಬರಲ್ಲ, ಉಣ್ಣೆ ಅದರ ಹೊಟ್ಟೆಗೆ ಚುಚ್ಚುತ್ತೆ ಅಂತ ಊರೆಲ್ಲ ಹೇಳೋರು. ನಮ್ಮಪ್ಪ ತಾನೇ ನೇಯ್ದ ಕಂಬಳಿ ಹಾಸಿಕೊಂಡು ಕುರಿ ಹಟ್ಟಿ ಹತ್ತಿರ ಮಲಗಿದ್ದಾಗ ಹಾವು ಬಂದು ಕಾಲಿಗೆ ಕಚ್ಚಿತು. ಬದುಕಿಕೊಂಡ, ಆದರೆ ಸಾಯೋವರೆಗೂ ಕುಂಟಿದ. ಅದಾದ ಮೇಲೆ ಯಾರಾದರೂ ನನ್ನ ಮುಂದೆ ಕಂಬಳಿ ಮಹಿಮೆ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ.

ನಮ್ಮ ಮನೆ ಇರೋದು ಕೆಂಗೇರಿಯಲ್ಲಿ. ಹಿಂದುಗಡೆ ಒಂದು ಖಾಲಿ ಸೈಟು. ಅದರ ಮಾಲೀಕರು ಯಾರೋ ಏನೋ, ಕಾಂಗ್ರೆಸ್ ಗಿಡ ಆಳೆತ್ತರ ಬೆಳೆದಿರುತ್ತೆ, ಕಟ್ಟಡದ ಮಣ್ಣು ಕಲ್ಲು ಎಲ್ಲ ತಂದು ಅಲ್ಲೇ ಸುರಿಯುತ್ತಾರೆ. ಕೆಳಗಡೆ ನಾನು, ಮಗಳು ಮಂಜುಳಾ, ಅಳಿಯ, ಮತ್ತೆ ಮೊಮ್ಮಗಳು ಚಿನ್ನಿ. ಚಿನ್ನಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ, ಅಂಬೆಗಾಲು ಇಡುತ್ತಿದ್ದಳು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದರೆ ಸಂಜೆವರೆಗೂ ಮಗು ನನ್ನದೇ ಜವಾಬ್ದಾರಿ.

ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದದ್ದು ಶಶಿಕಲಾ ಅಂತ, ಧಾರವಾಡದ ಕಡೆಯವರು, ನಲವತ್ತೈದರ ಹೆಂಗಸು. ಹಳೇ ಮನೆಗಳಲ್ಲಿ ಬಿದ್ದಿರೋ ಕೈಮಗ್ಗದ ರತ್ನಗಂಬಳಿಗಳನ್ನು ಹುಡುಕಿ ತರೋದು, ತೊಳೆಸಿ ರಿಪೇರಿ ಮಾಡಿಸಿ ಬೇಕಾದವರಿಗೆ ಕೊಡೋದು ಅವರ ಕೆಲಸ. ಹೊಟ್ಟೆಪಾಡಿಗೆ ಇಂಥದ್ದೊಂದು ಕಸುಬು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ರಾಜಾಜಿನಗರದಲ್ಲಿ ಯಾರೋ ಹಳೇ ಮನೆ ಕೆಡವುತ್ತಿದ್ದರಂತೆ, ಅಲ್ಲಿಂದ ಒಂದು ಕೆಂಪು ರತ್ನಗಂಬಳಿ ತಂದಿದ್ದರು. ಅದೇ ಸಮಯಕ್ಕೆ ನಾವು ಮೇಲಿನ ಮನೆಗೆ ಬಣ್ಣ ಹೊಡೆಸಲು ಶುರು ಮಾಡಿದ್ದೆವು, ಅವರು ಊರಿಗೆ ಹೊರಟಿದ್ದರು. ಸುತ್ತಿದ ರತ್ನಗಂಬಳಿ ತಂದು ನಮ್ಮ ಹಾಲ್‌ನ ಮೂಲೆಗೆ ಒರಗಿಸಿ, "ಅಮ್ಮಾರ, ಹಂಗ ಇರ್ಲಿ ಇದು. ಬಿಚ್ಚಬ್ಯಾಡ್ರಿ ಮತ್ತ" ಅಂತ ಹೇಳಿ ಹೋದರು.

ಬಿಚ್ಚಿದೆ. ನಮ್ಮ ಹಾಲ್‌ಗೆ ಅಳಿಯ ಹಾಕಿಸಿರೋದು ಗ್ರಾನೈಟು. ಮಗು ಅದರ ಮೇಲೆ ಅಂಬೆಗಾಲಿಟ್ಟು ಮಂಡಿ ಕೆಂಪಾಗಿತ್ತು. ಮೆತ್ತನೆ ಜಮಖಾನ ಮೂಲೆಯಲ್ಲಿ ನಿಂತಿರಬೇಕು, ಮಗು ಕಲ್ಲಿನ ಮೇಲೆ ತೆವಳಬೇಕು, ಇದು ಯಾವ ನ್ಯಾಯ? ಹಾಸಿದೆ. ಹಾಸಿ ನೋಡಿದರೆ ಒಂದು ಮೂಲೆಯಲ್ಲಿ ಇಲಿ ತಿಂದು ತೂತಾಗಿದೆ. ಮಗುವಿನ ಬೆರಳು ಸಿಕ್ಕಿಕೊಳ್ಳುತ್ತೆ ಅಂತ ದಬ್ಬಣ ತಗೊಂಡು ಕೂತೆ. ನನ್ನ ಹಳೇ ಕಂಬಳಿಯ ಅಂಚಿನಿಂದ ಕರಿ ನೂಲು ಎಳೆದು ತೂತು ತುಂಬಿಸಿದೆ. ಅಂಚಿನ ಉದ್ದಕ್ಕೂ ಏನೋ ಕೊಕ್ಕೆ ಕೊಕ್ಕೆ ಚಿತ್ರ ಇತ್ತು, ಆ ಜಾಗ ಬರೀ ಕರಿ ಕಾಣಬಾರದು ಅಂತ ಅದೇ ಕರಿ ನೂಲಿನಲ್ಲಿ ಉಬ್ಬಿಸಿ ನಾನೂ ಒಂದು ಕೊಕ್ಕೆ ಹಾಕಿದೆ. ನನ್ನ ಕೆಲಸ ನನಗೆ ಚೆನ್ನಾಗೇ ಕಂಡಿತು.

ಶಶಿಕಲಾ ವಾಪಸ್ ಬಂದ ದಿನ ಬೆಳಿಗ್ಗೆ ಅದನ್ನು ನೋಡಿದವರೇ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯಯ್ಯ, ಏನ್ ಮಾಡಿಟ್ಟೀರಿ ಅಮ್ಮಾರ ಇದನ್ನ!"

"ತೂತಿತ್ತು, ಮುಚ್ಚಿದೆ. ನಿಮಗೆ ತೂತು ಬೇಕಿತ್ತಾ?"

"ಆ ತೂತೂ ಹಳೇದ್ರಿ!" ಅಂದರು. ಪಾಪ, ಅಳೋದೊಂದು ಬಾಕಿ. ನನಗೆ ನಗು ಬಂತು. ಅವರಿಗೂ ಆಮೇಲೆ ನಗು ಬಂತು ಅನ್ನಿ, ಆದರೆ ಪೂರ್ತಿ ಅಲ್ಲ.

ಮಂಡಿಯೂರಿ ಕೂತು ನನಗೆ ಒಂದೊಂದೇ ತೋರಿಸಿದರು. ಇದನ್ನು ನೇಯ್ದದ್ದು ಅಫ್ಘಾನಿಸ್ತಾನದ ಕಡೆ ಕುರಿ ಮೇಯಿಸಿಕೊಂಡು ಅಲೆಯೋ ಜನವಂತೆ, ಹೆಂಗಸರೇ ನೇಯೋದಂತೆ. ನಡುವೆ ಇರೋದು ಟಗರಿನ ಕೊಂಬು, ಹಿಂಡು ಬೆಳೆಯಲಿ ಅಂತ. ಅದು ನನಗೆ ಹೇಳದೆಯೇ ತಿಳಿದಿತ್ತು, ಟಗರು ನೋಡಿದವರಿಗೆ ಟಗರಿನ ಕೊಂಬು ಗೊತ್ತಾಗುತ್ತೆ. ಅದರ ಪಕ್ಕ ಹಲ್ಲು ಹಲ್ಲಾಗಿರೋದು ಬಾಚಣಿಗೆ, ಮದುವೆಯ ಗುರುತು. ಇನ್ನು ಅಂಚಿನ ಸುತ್ತ ನಾನು ಕೊಕ್ಕೆ ಅಂದುಕೊಂಡಿದ್ದೆನಲ್ಲ, ಅವು ಚೇಳುಗಳಂತೆ. ಒಂದರ ಹಿಂದೆ ಒಂದು, ನಾಲ್ಕೂ ಕಡೆ. ನಾನು ಹಾಕಿದ ಚೇಳಿಗೆ ಬಾಲ ಹೊರಗಡೆ ಇರೋ ಬದಲು ಒಳಗಡೆ ತಿರುಗಿಕೊಂಡಿತ್ತು.

"ಗುಡಾರದಾಗ ನೆಲದ ಮ್ಯಾಲೆ ಮಲಗೋ ಮಂದಿ ಅಲ್ರೀ. ವಿಷದ ಹುಳ ಒಳಗ ಬರಬಾರ್ದು ಅಂತ ಮಕ್ಕಳ ಸುತ್ತ ಬೇಲಿ ಹಾಕಿದಂಗ ಇದು" ಅಂದರು.

"ಹುಳಕ್ಕೆ ಓದೋಕೆ ಬರುತ್ತೇನಮ್ಮ?" ಅಂದೆ.

"ಬರೂದಿಲ್ಲ. ನೇಯ್ದಾಕಿಗೂ ಬರ್ತಿರ್ಲಿಲ್ಲ."

ನಾಳೆ ಇದನ್ನು ರಿಪೇರಿಯವರ ಹತ್ತಿರ ತಗೊಂಡು ಹೋಗಿ ನಿಮ್ಮ ಹೊಲಿಗೆ ಬಿಚ್ಚಿಸುತ್ತೇನೆ, ಇವತ್ತೊಂದು ದಿನ ಮಗು ಮಲಗಲಿ ಅಂತ ಹೇಳಿ ಮೇಲೆ ಹೋದರು. ಬಿಚ್ಚಿಸಿಕೊಳ್ಳಲಿ, ನನಗೇನು ಅಂದುಕೊಂಡೆ.

ಅವತ್ತು ಮಧ್ಯಾಹ್ನ ಚಿನ್ನಿಗೆ ಉಣ್ಣಿಸಿ ಅದರ ನಡುವೆ ಮಲಗಿಸಿದೆ. ಅಡುಗೆಮನೆಯಲ್ಲಿರೋ ಹಿತ್ತಿಲ ಬಾಗಿಲು ಹಾಕೇ ಇತ್ತು. ಅದರ ಕೆಳಗಿನ ಹಲಗೆ ನೀರು ಬಿದ್ದು ಕೊಳೆತು ಸಂದಿ ಆಗಿತ್ತು, ಅಳಿಯನಿಗೆ ಹೇಳಿ ಹೇಳಿ ಸಾಕಾಗಿ ನಾನು ಹೇಳೋದು ಬಿಟ್ಟಿದ್ದೆ. ಟೆರೇಸಿನ ಮೇಲೆ ಮೆಣಸಿನಕಾಯಿ ಒಣಗಿಹಾಕಿದ್ದೆ. ತಿರುವಿ ಹಾಕಿ ಬರೋಣ ಅಂತ ಹೋದೆ. ಬೇಗನೇ ಇಳಿದು ಬಂದು ಮುಂದಿನ ಬಾಗಿಲು ತಳ್ಳಿದೆ.

ಅಡುಗೆಮನೆ ಕಡೆಯಿಂದ ಹಾವು ಹಾಲ್‌ಗೆ ಬರುತ್ತಿತ್ತು. ನಾಗರಹಾವು. ಕೇರೆ ಯಾವುದು, ನಾಗರ ಯಾವುದು ಅಂತ ಹಟ್ಟಿಯಲ್ಲಿ ಬೆಳೆದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಮಧ್ಯಾಹ್ನ ಒರಗೋಕೆ ಅಂತ ಹಾಸಿಕೊಳ್ಳೋ ಹಳೇ ಕಂಬಳಿ ಅಡುಗೆಮನೆ ಬಾಗಿಲ ಹತ್ತಿರ ಮಡಿಸಿಟ್ಟಿತ್ತು. ಹಾವು ಅದನ್ನು ಹತ್ತಿ, ದಾಟಿ, ಈಚೆ ಇಳಿಯಿತು. ಉಣ್ಣೆ ಗಿಣ್ಣೆ ಅದಕ್ಕೇನೂ ಲೆಕ್ಕವೇ ಇರಲಿಲ್ಲ. ಅಲ್ಲಿಂದ ನೇರವಾಗಿ ರತ್ನಗಂಬಳಿ ಕಡೆಗೆ ಬಂತು.

ನನ್ನ ಬಾಯಿ ಸುಮ್ಮನಿರೋ ಬಾಯಲ್ಲ, ಇಡೀ ಬೀದಿಗೆ ಗೊತ್ತು. ಅವತ್ತು ಹಲ್ಲು ಕಚ್ಚಿ ನಿಂತೆ. ಕೂಗಿದರೆ ಮಗು ಎಚ್ಚರವಾಗುತ್ತೆ. ಎಚ್ಚರವಾದರೆ ಹೊಸದೇನು ಕಂಡರೂ ಹಿಡಿಯೋಕೆ ಹೋಗೋ ಮಗು ಅದು. ಓಡಿ ಹೋಗಿ ಎತ್ತಿಕೊಳ್ಳೋಣ ಅಂದರೆ ನನ್ನ ಮಂಡಿ ಓಡೋ ಮಂಡಿಯಲ್ಲ, ಬಗ್ಗಿ ಏಳೋ ಹೊತ್ತಿಗೆ ಹಾವು ಹೆಡೆ ಬಿಚ್ಚಿರುತ್ತೆ. ಬಾಗಿಲ ಚಿಲಕ ಹಿಡಿದುಕೊಂಡು ನಿಂತೇ ಇದ್ದೆ.

ಹಾವು ಅಂಚಿನ ಹತ್ತಿರ ಬಂದು ತಲೆ ಸ್ವಲ್ಪ ಎತ್ತಿತು. ಹತ್ತಲಿಲ್ಲ. ಪಕ್ಕಕ್ಕೆ ತಿರುಗಿ ಅಂಚಿನ ಗುಂಟ ಹೊರಟಿತು. ಗ್ರಾನೈಟಿನ ಮೇಲೆ ಅದಕ್ಕೆ ಹಿಡಿತ ಸಿಗುತ್ತಿರಲಿಲ್ಲ. ಮೈಯೆಲ್ಲ ಆ ಕಡೆ ಈ ಕಡೆ ಜಾರುತ್ತಿತ್ತು, ಒದ್ದಾಡುತ್ತಿತ್ತು. ಪಕ್ಕದಲ್ಲೇ ಮೆತ್ತಗೆ ಒರಟಾಗಿರೋ ರತ್ನಗಂಬಳಿ ಇದೆ, ಅದರ ಮೇಲೆ ಮೈ ಹಾಕಿದರೆ ಆರಾಮಾಗಿ ಹೋಗಬಹುದು. ಹಾಕಲಿಲ್ಲ. ಮೂಲೆ ಬಂತು, ಮೂಲೆ ತಿರುಗಿತು. ಒಂದು ಬದಿ ಪೂರ್ತಿ ಹೋಯಿತು. ಆಮೇಲೆ ನನ್ನ ಕಡೆಯ ಬದಿಗೆ ಬಂತು, ನಾನು ಕೈ ಚಾಚಿದರೆ ಸಿಗೋ ಅಷ್ಟು ಹತ್ತಿರ. ನನ್ನ ಕಡೆ ನೋಡಲೂ ಇಲ್ಲ.

ಆ ಬದಿಯ ಕೊನೆಯಲ್ಲಿದ್ದದ್ದು ನಾನು ಹೊಲಿದ ಮೂಲೆ.

ಅಲ್ಲಿ ನಿಂತಿತು. ಬೇರೆಲ್ಲೂ ಅಷ್ಟು ಹೊತ್ತು ನಿಂತಿರಲಿಲ್ಲ. ತಲೆ ತಗ್ಗಿಸಿ ನನ್ನ ಕರಿ ಹೊಲಿಗೆಯ ಹತ್ತಿರ ನಾಲಿಗೆ ಆಡಿಸಿತು. ಇಲ್ಲೇ ಹತ್ತುತ್ತೆ ಅಂತ ನನಗೆ ಖಾತ್ರಿಯಾಯಿತು. ಇಲ್ಲಿ ಇರೋದು ನೇಯ್ದವರ ಚೇಳಲ್ಲ, ನಾನು ಹಾಕಿದ ಸುಳ್ಳು ಚೇಳು ಅಂತ ಅದಕ್ಕೆ ಗೊತ್ತಾಗುತ್ತೆ ಅನ್ನಿಸಿತು. ನೋಡಿ, ಬೆಳಿಗ್ಗೆ ತಾನೇ ಹುಳಕ್ಕೆ ಓದೋಕೆ ಬರುತ್ತಾ ಅಂತ ಗೇಲಿ ಮಾಡಿದವಳು ಹೀಗೆ ಯೋಚನೆ ಮಾಡುತ್ತಿದ್ದೆ! ಅದೇ ಹೊತ್ತಿಗೆ ಚಿನ್ನಿ ನಿದ್ದೆಯಲ್ಲಿ ಈ ಕಡೆ ಹೊರಳಿದಳು. ಅವಳ ಕೈ ಅಂಚಿನವರೆಗೂ ಬಂದು ಬಿತ್ತು.

ಹಾವು ಹಿಂದಕ್ಕೆ ಸರಿಯಿತು. ಹೆದರಿ ಸರಿದ ಹಾಗೆ ಇರಲಿಲ್ಲ. ಹೆಡೆ ಎತ್ತಲಿಲ್ಲ, ಬುಸ್ ಅನ್ನಲಿಲ್ಲ. ದಾರಿ ಇಲ್ಲ ಅಂತ ಗೊತ್ತಾದವರು ತಿರುಗೋ ಹಾಗೆ ಮೂಲೆ ತಿರುಗಿ, ಉಳಿದಿದ್ದ ಬದಿಯನ್ನೂ ಜಾರಿಕೊಂಡೇ ಮುಗಿಸಿ, ಬಂದ ದಾರಿಯಲ್ಲೇ ಅಡುಗೆಮನೆಗೆ ಹೋಯಿತು. ಹೋಗುವಾಗಲೂ ನನ್ನ ಕಂಬಳಿ ಮೇಲೇ ಹತ್ತಿ ಇಳಿಯಿತು.

ಮಗುವನ್ನು ಹೇಗೆ ಎತ್ತಿಕೊಂಡೆ ಗೊತ್ತಿಲ್ಲ. ಎತ್ತಿಕೊಂಡು ಬೀದಿಗೆ ಬಂದ ಮೇಲೆ ಕೂಗಿದೆ ನೋಡಿ, ಮೂರನೇ ಮನೆಯವರೂ ಓಡಿ ಬಂದರು. ಶಶಿಕಲಾ ತಲೆಗೆ ಟವೆಲ್ ಸುತ್ತಿಕೊಂಡು ಇಳಿದು ಬಂದು, ಹಾವು ಹಿಡಿಯೋರಿಗೆ ಫೋನ್ ಮಾಡಿದರು. ಒಬ್ಬರು ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟು ಕೂಡ ತೆಗೆಯದೆ ಒಳಗೆ ಹೋದರು. ವಾಷಿಂಗ್ ಮಿಷಿನ್ ಹಿಂದೆ ಸುತ್ತಿಕೊಂಡಿದ್ದ ಹಾವನ್ನು ಕೊಕ್ಕೆ ಕೋಲಿನಲ್ಲಿ ಎಳೆದು ಚೀಲಕ್ಕೆ ಬಿಟ್ಟು ಬಾಯಿ ಕಟ್ಟಿದರು. ಆ ಚೀಲದ ಬಾಯಿ ಕಟ್ಟಿದ ಮೇಲೆ ನನಗೆ ಉಸಿರು ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಟ್ಟೆ. ಚಿನ್ನಿ ನನ್ನ ಮೂಗು ಹಿಡಿದು ಎಳೆಯುತ್ತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ, ಬಟ್ಟೆ ಬಿಚ್ಚಿ ತಿರುಗಿಸಿ ಮುರುಗಿಸಿ ನೋಡಿದೆ.

ಹಾವು ಹಿಡಿದವರಿಗೆ ನಡೆದದ್ದು ಹೇಳಿದೆ. ಉಣ್ಣೆ ಚುಚ್ಚುತ್ತೆ ಅಂತ ಹತ್ತಿಲ್ಲ ಅಂತೀರಾ ಅಂತ ಕೇಳಿದೆ.

"ಇಲ್ಲ ಅಜ್ಜಿ, ಉಲ್ಟಾ. ನುಣುಪು ನೆಲದ ಮೇಲೆ ಅದಕ್ಕೆ ತುಂಬಾ ಕಷ್ಟ. ಒರಟಾಗಿ ಏನು ಸಿಕ್ಕಿದರೂ ಹತ್ತುತ್ತೆ. ನಿಮ್ಮ ಕಂಬಳಿ ಹತ್ತಿದೆ ಅಂತ ನೀವೇ ಹೇಳ್ತಾ ಇದೀರಲ್ಲ."

ಹಾಗಾದರೆ ರತ್ನಗಂಬಳಿಯ ನೂಲಿಗೆ ಹಾಕಿದ ಹಳೇ ಬಣ್ಣದ ವಾಸನೆ ಇರಬಹುದು ಅಂದರು. ಇರಬಹುದು. ಆದರೆ ನಾನು ಹೊಲಿದ ಮೂಲೆಯಲ್ಲಿ ಹಳೇ ಬಣ್ಣ ಎಲ್ಲಿತ್ತು? ಅಲ್ಲಿ ಇದ್ದದ್ದು ನನ್ನ ಕಂಬಳಿಯದೇ ನೂಲು. ಆ ಕಂಬಳಿಯನ್ನು ತುಳಿದುಕೊಂಡು ಬಂದ ಹಾವು ಅದೇ ನೂಲಿನ ಮುಂದೆ ಯಾಕೆ ನಿಂತಿತು? ಅವರು ಚೀಲ ಹಿಡಿದುಕೊಂಡು ಹೋದರು.

ಶಶಿಕಲಾ ಆ ಮೂಲೆಯ ಹತ್ತಿರ ಕೂತು ಬಾಲ ತಿರುಗಿದ ಚೇಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಏನಮ್ಮ, ನೀವು ಹೇಳಿದ್ದೇ ನಿಜ ಆಯ್ತಲ್ಲ ಅಂದೆ. "ನಾ ಪುಸ್ತಕದಾಗ ಓದಿದ್ದು ಹೇಳಿದ್ನಿರಿ ಅಮ್ಮಾರ. ನಂಬಿ ಹೇಳಿದ್ದಲ್ಲ" ಅಂದರು. ಆ ಹೊಲಿಗೆಯನ್ನು ಅವರು ಬಿಚ್ಚಿಸಲಿಲ್ಲ. ಆ ರತ್ನಗಂಬಳಿಯನ್ನು ಯಾರಿಗೂ ಕೊಡಲೂ ಇಲ್ಲ. ಈಗ ಅವರು ಧಾರವಾಡಕ್ಕೇ ಹೋಗಿದ್ದಾರೆ, ಅದೂ ಅವರ ಜೊತೆ ಹೋಗಿದೆ.

ಸಂಜೆ ಮಂಜುಳಾ ಬಂದು ಮಗುವನ್ನು ಅಪ್ಪಿಕೊಂಡು ಅತ್ತಳು. ಅತ್ತಾದ ಮೇಲೆ, "ನಿನಗೆ ಮಗೂಗಿಂತ ಮೆಣಸಿನಕಾಯಿ ಹೆಚ್ಚಾಯ್ತೇನಮ್ಮಾ" ಅಂತ ನನ್ನನ್ನು ಬೈದಳು. ಬೈಸಿಕೊಂಡೆ. ಬೇರೆ ದಿನವಾಗಿದ್ದರೆ ಒಂದಕ್ಕೆರಡು ಆಡಿರುತ್ತಿದ್ದೆ. ಬೈಯೋಕೆ ಮಗಳಿದ್ದಾಳೆ, ಅವಳ ತೋಳಲ್ಲಿ ಮಗು ಇದೆ, ನನಗೆ ಇನ್ನೇನು ಬೇಕಿತ್ತು? ರಾತ್ರಿ ಹೊಟ್ಟೆ ತುಂಬ ಮುದ್ದೆ ಉಂಡು ಮಲಗಿದೆ. ನಿದ್ದೆ ಬರಲ್ಲ ಅಂದುಕೊಂಡಿದ್ದೆ, ಚೆನ್ನಾಗಿ ಬಂತು.

ಆ ಹಾವು ಯಾಕೆ ಹತ್ತಲಿಲ್ಲ ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿರೋರು ಅಂತ ಹೇಳಿಕೊಂಡು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಹುತ್ತಕ್ಕೆ ಹಾಲೆರೆಯಿರಿ ಅಂದವರೂ ಇದ್ದರು. ನಾನು ಎರೆಯಲಿಲ್ಲ. ಮಾರನೇ ದಿನ ಬೆಳಕು ಹರಿಯುತ್ತಲೇ ಬೀದಿ ಕೊನೆಯಲ್ಲಿ ಕೆಲಸ ಮಾಡುತ್ತಿದ್ದ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಬಂದು, ಹಿತ್ತಿಲ ಬಾಗಿಲಿನ ಕೊಳೆತ ಹಲಗೆ ಕೀಳಿಸಿ, ಕೆಳಗೆ ಕಲ್ಲು ಇಡಿಸಿ ಸಿಮೆಂಟು ಮೆತ್ತಿಸಿದೆ. ಮಂಡಿ ನೋಯುತ್ತಿತ್ತು. ಆದರೂ ಅದು ಗಟ್ಟಿಯಾಗೋವರೆಗೆ ಚಿನ್ನಿಯನ್ನು ಸೊಂಟದಿಂದ ಕೆಳಗಿಳಿಸದೆ ಅಲ್ಲೇ ನಿಂತಿದ್ದೆ.